ಲಿಲೋ ಕೊಟ್ಟ ಐದು ಸೆಕೆಂಡು

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಸೋಸಲೆಯ ತವರಿಗೆ ಹೊರಡುವವಳಿದ್ದಳು. ಅದಕ್ಕೇ ಆ ಬುಧವಾರ ಊಟವಾದ ಮೇಲೆ ಅಂಗಡಿಯ ಶಟರ್ ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತಳು.

ನಂಜನಗೂಡಿನ ಪೇಟೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಮಠದ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ. ಅವಳು ಟೈಪ್ ಮಾಡುತ್ತಿದ್ದಳು. ನಾನು ಪ್ರೂಫ್ ತಿದ್ದಿ, ಫ್ಲಾಪಿ ಹಿಡಿದು ಮೈಸೂರಿನ ಪ್ರೆಸ್ಸಿಗೆ ಹೋಗಿಬರುತ್ತಿದ್ದೆ.

ಪ್ರೂಫಿಗೆ ಇಬ್ಬರು ಬೇಕು. ಒಬ್ಬರು ಗಿರಾಕಿಯ ಕೈಬರಹವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಾಳೆಯ ಮೇಲೆ ಪೆನ್ಸಿಲ್ ಆಡಿಸಬೇಕು. ಓದುತ್ತಿದ್ದವಳು ಅವಳು. ಕಾಮಾ, ಫುಲ್‌ಸ್ಟಾಪು, ದೀರ್ಘ, ಒತ್ತು ಎಲ್ಲವನ್ನೂ ಬಾಯಲ್ಲೇ ಹೇಳುತ್ತಿದ್ದಳು. ತವರಿಗೆ ಹೋದ ದಿನಗಳಲ್ಲಿ ಕೆಲಸ ನಿಲ್ಲಬಾರದೆಂದು, ಮೊದಲೇ ಮೈಕಿನಲ್ಲಿ ಓದಿ ಕಂಪ್ಯೂಟರಿನೊಳಗೆ ಇಟ್ಟುಹೋಗುವ ಪದ್ಧತಿಯನ್ನೂ ಅವಳೇ ಮಾಡಿದಳು. ವಿಂಡೋಸಿನ ರೆಕಾರ್ಡರ್ ಒಂದೇ ನಿಮಿಷಕ್ಕೆ ನಿಂತುಬಿಡುತ್ತಿತ್ತು. ಹಾಗಾಗಿ ಒಂದು ಪತ್ರಿಕೆಯ ಜೊತೆ ಬಂದಿದ್ದ ಸಿಡಿಯಿಂದ, ಡಿಸ್ಕಿನ ಅರ್ಧ ಜಾಗದಲ್ಲಿ ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆ, ಲಿನಕ್ಸ್, ಹಾಕಿಕೊಂಡಿದ್ದಳು. ಅವಳು ಓದಿದ್ದೆಲ್ಲ ಆ ಅರ್ಧದಲ್ಲಿರುತ್ತಿತ್ತು. ಒಂದು ಫ್ಲಾಪಿ ತೂರಿಸಿ ಆನ್ ಮಾಡಿದರೆ ಮಾತ್ರ ಆ ಅರ್ಧ ತೆರೆಯುತ್ತಿತ್ತು.

"ಈ ಫ್ಲಾಪಿ ಕಾಟ ಇನ್ ಬ್ಯಾಡ ಕಣ್ರೀ. ಲಿಲೋ ಹಾಕ್ಬುಡ್ತೀನಿ," ಎಂದಳು.

"ಅಂಗಂದ್ರೆ?"

"ಕಂಪ್ಯೂಟ್ರು ಆನ್ ಆದೇಟ್ಗೆ ಎಲ್ಲಿಗೆ ಅಂತ ಕೇಳೋ ಕಂಡಕ್ಟ್ರು ಅನ್ಕಳಿ. ನೀವು ಬಾಯ್ ಬುಡ್ದೆ ಕೂತಿದ್ರೆ ಅವ್ನಿಗೆ ಗೊತ್ತಿರೋ ಊರ್ಗೆ ಕರ್ಕೊಂಡೋಯ್ತಾನೆ."

ತಿ. ನರಸೀಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ಬರೆದುಕೊಂಡಿದ್ದ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಒಂದು ಚಿಕ್ಕ ಫೈಲು ಬರೆದಳು. ಹತ್ತು ಹನ್ನೆರಡು ಸಾಲು. ಲಿನಕ್ಸಿಗೆ ಇಂಗ್ಲಿಷ್ ಅಕ್ಷರದಲ್ಲಿ 'ನಾನು' ಎಂದೂ ವಿಂಡೋಸಿಗೆ 'ನೀವು' ಎಂದೂ ಹೆಸರಿಟ್ಟಳು. ಯಾರೂ ಏನೂ ಒತ್ತದಿದ್ದರೆ 'ನೀವು' ಶುರುವಾಗಬೇಕು. ಕಾಯುವ ಹೊತ್ತಿಗೆ ಐದು ಎಂದು ಹಾಕಿದಳು. ಆನ್ ಮಾಡಿದರೆ ಆ ಎರಡು ಹೆಸರು ಮಿಂಚಿ ಮಾಯವಾದವು.

"ಇದ್ಯಾವ್ ಬಸ್ಸು ಕಣೆ, ಸ್ಟಾಪಲ್ಲಿ ನಿಲ್ಲದೇ ಇಲ್ವಲ್ಲ."

ನೋಟ್‌ಬುಕ್ ನೋಡಿದಳು. ಆ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದ್ದು. ಐವತ್ತು ಎಂದು ತಿದ್ದಿದಳು. ಆದರೂ ಹಾಗೇ ಆಯಿತು. ಫೈಲು ತಿದ್ದಿದರೆ ಸಾಲದು, ಲಿಲೋ ಆಜ್ಞೆಯನ್ನು ಇನ್ನೊಮ್ಮೆ ಓಡಿಸಬೇಕು, ಇಲ್ಲದಿದ್ದರೆ ಅದಕ್ಕೆ ಹಳೆಯದೇ ನೆನಪು. ಓಡಿಸಿದಳು. ಈ ಸಲ ನಿಂತಿತು.

"ನಿಮ್ಮಂತ ಪ್ಯಾಸೆಂಜರ್ಗೆ ಐದ್ ಸೆಕೆಂಡಾದ್ರೂ ಬೇಕಲ್ವ," ಎಂದು ನಕ್ಕಳು. ಆಮೇಲೆ ಫ್ಲಾಪಿಯನ್ನು ಡಬ್ಬಿಗೆ ಹಾಕುತ್ತ, "ಎಸೀಬ್ಯಾಡಿ. ಲಿಲೋ ಕೆಟ್ರೆ ಇದೇ ದಾರಿ," ಎಂದಳು. ಕವಲಂದೆಯ ಶಾಲೆಯೊಂದರ ಸ್ಮರಣ ಸಂಚಿಕೆಯನ್ನು ಒಂದು ಗಂಟೆ ಮೈಕಿನಲ್ಲಿ ಓದಿಟ್ಟಳು. ನಡುವೆ ಒಂದೆರಡು ಸಲ ತಲೆ ನೋಯುತ್ತದೆ ಎಂದಳು. ನಾನು ಟೀ ತಂದುಕೊಟ್ಟೆ.

ಮೂರನೆಯ ದಿನ ಪಕ್ಕದ ಎಸ್‌ಟಿಡಿ ಬೂತಿಗೆ ಸೋಸಲೆಯಿಂದ ಫೋನ್ ಬಂತು. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲೇ ಜೀವ ಹೋಗಿತ್ತು.

ತಿಂಗಳ ನಂತರ ಅಂಗಡಿ ತೆಗೆದೆ. ಕಂಪ್ಯೂಟರ್ ಆನ್ ಮಾಡಿದರೆ ಆ ಎರಡು ಹೆಸರು ಬಂದು ನಿಂತವು. ನಾನು ಕೈ ಕಟ್ಟಿಕೊಂಡು ಕೂತೆ. ಐದು ಸೆಕೆಂಡು ಕಳೆದು ವಿಂಡೋಸ್ ಶುರುವಾಯಿತು. ಮರುದಿನವೂ ಹಾಗೇ. ಒಂದು ಬೆಳಿಗ್ಗೆ 'ನಾನು' ಎಂಬುದರ ಮೊದಲ ಅಕ್ಷರ ಒತ್ತಿಬಿಟ್ಟೆ. ಒತ್ತಿದ ಮೇಲೆ ಲಿಲೋ ತಾನಾಗಿ ಮುಂದೆ ಹೋಗುವುದಿಲ್ಲ, ನಾವು ಹೇಳುವವರೆಗೆ ಕಾಯುತ್ತದೆ. ಅದು ಕಾಯಿತು. ಗಿರಾಕಿಯೊಬ್ಬರು ಬರುವವರೆಗೂ ನೋಡುತ್ತ ಕೂತಿದ್ದು, ಆ ಅಕ್ಷರ ಅಳಿಸಿ ಎಂಟರ್ ಒತ್ತಿದೆ. ಎಂದಿನಂತೆ ವಿಂಡೋಸ್ ಬಂತು. ವರ್ಷದ ತಿಥಿ ಮುಗಿಯಲಿ, ಆಮೇಲೆ ಅವಳು ಓದಿಟ್ಟದ್ದನ್ನು ಕೇಳುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಎದೆ ಗಟ್ಟಿಯಾಗುತ್ತದೆ ಎಂದು ನಂಬಿದ್ದೆ.

ಒಂಬತ್ತನೆಯ ತಿಂಗಳಲ್ಲಿ ಗಿರಾಕಿಯ ಫ್ಲಾಪಿಯಿಂದ ವೈರಸ್ ಬಂದು ವಿಂಡೋಸ್ ಕೆಟ್ಟಿತು. ಲಗ್ನದ ಕಾಲ, ಅಂಗಡಿ ತುಂಬ ಕೆಲಸ. ತಿ. ನರಸೀಪುರದಿಂದ ರಿಪೇರಿಯವನನ್ನು ಕರೆಸಿ, ನಾನು ಮೈಸೂರಿನ ಪ್ರೆಸ್ಸಿಗೆ ಹೋದೆ. ಏನು ಮುಟ್ಟಬಾರದು ಎಂದು ಅವನಿಗೆ ಹೇಳಲಿಲ್ಲ. ನನಗೆ ತೋಚಲೇ ಇಲ್ಲ. ಸಂಜೆ ಬಂದಾಗ ಕಂಪ್ಯೂಟರ್ ಚುರುಕಾಗಿತ್ತು.

ಮರುದಿನ ಆನ್ ಮಾಡಿದರೆ ಹೆಸರುಗಳು ಬರಲಿಲ್ಲ. ನೇರವಾಗಿ ವಿಂಡೋಸ್. ಫ್ಲಾಪಿ ಇದೆಯಲ್ಲ ಎಂದು ಡಬ್ಬಿ ಸುರಿದೆ. ಒಂದೊಂದೇ ತಿರುಗಿಸಿ ನೋಡುವಾಗ ನೆನಪಾಯಿತು. ನಮ್ಮಲ್ಲಿ ಫ್ಲಾಪಿ ಸಾಲುತ್ತಿರಲಿಲ್ಲ. ಚೀಟಿ ಕಿತ್ತು, ಫಾರ್ಮ್ಯಾಟ್ ಮಾಡಿ, ಹೊಸ ಚೀಟಿ ಅಂಟಿಸುವುದು ರೂಢಿ. ಆ ಫ್ಲಾಪಿಯ ಮೇಲೆ ಅವಳ ಅಕ್ಷರವಿದ್ದ ಚೀಟಿಯನ್ನು ಜೋಪಾನವಾಗಿ ಬಿಡಿಸಿ ಪರ್ಸಿನಲ್ಲಿಟ್ಟುಕೊಂಡವನು ನಾನೇ. ಫ್ಲಾಪಿಯನ್ನು ಖಾಲಿ ಮಾಡಿ, ಬಿಳಿಗೆರೆಯವರ ಮದುವೆ ಪತ್ರಿಕೆ ತುಂಬಿಕೊಂಡು ಹೋಗಿದ್ದೆ.

ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿ. ನರಸೀಪುರಕ್ಕೆ ಹೋದೆ. ಅವಳಿಗೆ ಕಲಿಸಿದ ಮೇಡಂ ಧೈರ್ಯ ಹೇಳಿದರು.

"ವಿಂಡೋಸ್ ಹಾಕಿದ್ರೆ ಲಿಲೋ ಅಳಿಸೋಗೋದು ಮಾಮೂಲು. ಬಾಗ್ಲು ಹೋಗಿರುತ್ತೆ, ಮನೆ ಹಾಗೇ ಇರುತ್ತೆ. ಸಿಡಿಯಿಂದ ತೆಗೆದು ಲಿಲೋನ ಮತ್ತೆ ಕೂರಿಸ್ತೀನಿ, ಕಾಲು ಗಂಟೆ ಕೆಲಸ."

ಆ ಕಾಲು ಗಂಟೆ ನಾನು ಚೆನ್ನಾಗಿದ್ದೆ. ವರ್ಷದವರೆಗೆ ಕಾಯುವುದಿಲ್ಲ, ಇಲ್ಲೇ ಕೇಳಿಬಿಡುತ್ತೇನೆ ಎಂದು ತೀರ್ಮಾನಿಸಿದ್ದೆ. ಮೇಡಂ ಸಿಡಿ ಹಾಕಿದರು, ಡಿಸ್ಕಿನ ಪಟ್ಟಿ ತೆಗೆದರು, ಮತ್ತೊಮ್ಮೆ ತೆಗೆದರು. ಆಮೇಲೆ ರಿಪೇರಿಯವನಿಗೆ ಫೋನ್ ಮಾಡಿ ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ಸಾ, ಚೆನ್ನಾಗ್ ಓಡ್ತಾ ಅದಾ? ಅರ್ಧ ಡಿಸ್ಕು ಸುಮ್ನೆ ವೇಸ್ಟಾಗ್ ಬಿದ್ದಿತ್ತು ಸಾ, ವಿಂಡೋಸ್ಗೆ ಕಾಣ್ತಾನೇ ಇರ್ನಿಲ್ಲ. ಅಳಿಸ್ಬುಟ್ಟು ಎಲ್ಲಾ ಒಂದೇ ಮಾಡ್ದೆ. ನಿಮ್ ಫೈಲ್ಗಳ್ನೆಲ್ಲ ಅದ್ರ ಮೇಲೇ ಹಾಕಿವ್ನಿ, ಒಂದೂ ಹೋಗಿಲ್ಲ."

ರಿಸೀವರ್ ಇಟ್ಟೆ. ಅವನು ಒಳ್ಳೆಯದೇ ಮಾಡಿದ್ದ. ಹೇಳದೆ ಹೋದವನು ನಾನು. ಅಷ್ಟು ತಿಂಗಳು ದಿನವೂ ಎಲ್ಲಿಗೆ ಎಂದು ಲಿಲೋ ಕೇಳಿದ್ದಕ್ಕೆ ಉತ್ತರ ಕೊಡದವನೂ ನಾನೇ.

"ಮೇಲೆ ಬೇರೆ ಫೈಲು ಬಿದ್ದಿವೆ. ಇನ್ನು ಆಗಲ್ಲ," ಎಂದರು ಮೇಡಂ.

ಈಗ ಪ್ರೂಫನ್ನು ಒಬ್ಬನೇ ನೋಡುತ್ತೇನೆ. ತಪ್ಪುಗಳು ಉಳಿಯುತ್ತವೆ, ಗಿರಾಕಿಗಳು ಬಯ್ಯುತ್ತಾರೆ. ಅವಳ ಫೋಟೋಗಳಿವೆ. ಮದುವೆಯ ಕ್ಯಾಸೆಟ್ಟೂ ಇದೆ, ಆದರೆ ವೀಡಿಯೋದವರು ಅದರ ತುಂಬ ಸಿನಿಮಾ ಹಾಡು ಹಾಕಿದ್ದಾರೆ. ಅವಳು ಯಾರಿಗೋ ಏನೋ ಹೇಳಿ ನಗುವುದು ಕಾಣುತ್ತದೆ, ಕೇಳುವುದಿಲ್ಲ. ಅವಳ ದನಿ ನನ್ನ ಬಳಿ ಇಲ್ಲ.