ಸುಜಾತಾಳ ಕಳ್ಳ ಕುಬಸ

ಇಂದು ಬೆಳಿಗ್ಗೆ, ಹೈದರಾಬಾದಿನ ಆಸ್ಪತ್ರೆಗೆ ತಪಾಸಣೆಗೆ ಹೋದ ತಂಗಿಯ ಫೋನು ಬರುವತನಕ ಕೈಗೊಂದು ಕೆಲಸವಿರಲೆಂದು ಕಪಾಟು ತೆಗೆದೆ. ಸೀರೆಗಳ ಅಡಿಯಿಂದ ಹಸಿರು ಬಳೆಗಳ ಪೊಟ್ಟಣ ಜಾರಿ ಬಿತ್ತು. ನನ್ನ ಜಾಣತನಕ್ಕೆ ಅದೇ ಸಾಕ್ಷಿ. ಕೇಳಿದರೆ ನೀವು ನಗುತ್ತೀರಿ.

ನಮ್ಮ ಕಡೆ ಬಸುರಿಗೆ ಮೂರು ತಿಂಗಳಾದಾಗ ತವರಿನವರು ಊರಿಗೆಲ್ಲ ಸಾರದೆ ಹಸಿರು ಸೀರೆ, ಬಳೆ ಒಯ್ದು ಉಡಿ ತುಂಬುತ್ತಾರೆ. ಅದೇ ಕಳ್ಳ ಕುಬಸ. ಐದು ವರ್ಷದ ಹಿಂದೆ, ಪಾಮನಕಲ್ಲೂರಿನಲ್ಲಿ ಟೀಚರಾಗಿರುವ ತಂಗಿ ಸುಜಾತಾ, ಮುಟ್ಟು ನಿಂತು ಮೂರು ತಿಂಗಳಾಗುತ್ತ ಬಂತು, ಮನೆಯಲ್ಲೇ ಮಾಡಿದ ಪರೀಕ್ಷೆಯಲ್ಲಿ ಎರಡು ಗೆರೆ ಬಂದಿವೆ ಎಂದಳು. ನಾನು ತಡೆದೇನೆಯೆ? ಲಿಂಗಸುಗೂರಿನಿಂದ ಮಸ್ಕಿಗೆ, ಅವಳ ಅತ್ತೆಮನೆಗೆ, ಬಸ್ಸು ಹತ್ತಿಯೇಬಿಟ್ಟೆ. ಹೊಟ್ಟೆ ಆಗಲೇ ಐದು ತಿಂಗಳಷ್ಟು ಕಾಣುತ್ತಿತ್ತು.

"ಅಕ್ಕಾ, ಸ್ಕ್ಯಾನ್ ಮಾಡಸ್ಲೇನು?"

"ಕುಬಸ ಆಗ್ಲಿ ತಡಿ. ಅವಳಿ ಅದಾವ, ನನಗ ಗೊತ್ತಾಗತೈತಿ."

ಓಣಿಯ ಬಸುರಿಯರ ಹೊಟ್ಟೆಯನ್ನೆಲ್ಲ ಕಣ್ಣಲ್ಲೇ ಅಳೆಯುವವಳಲ್ಲವೆ ನಾನು!

ಉಡಿ ತುಂಬಿ, ಉಳಿದ ಬಳೆಗಳನ್ನು ಪೊಟ್ಟಣ ಕಟ್ಟಿಕೊಂಡು ನಾನು ಮರಳಿ ವಾರವಾಗಿರಲಿಲ್ಲ, ಅವಳಿಗೆ ನೋವು ಕಾಣಿಸಿಕೊಂಡಿತು. ಸಿಂಧನೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, "ಗರ್ಭದಾಗ ಕೂಸಿಲ್ರೀ, ಅಂಡಾಶಯದಾಗ ಗಡ್ಡಿ ಐತಿ" ಎಂದರು. ಅಪರೂಪದ ಕ್ಯಾನ್ಸರ್. ಆ ಗಡ್ಡೆಯೇ ಬಸುರಿನ ಹಾರ್ಮೋನು ಸುರಿಸಿ ಎರಡು ಗೆರೆ ಮೂಡಿಸಿತ್ತಂತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳ ಅತ್ತೆ ಬೈದೇ ಬೈಯುತ್ತಾರೆಂದು ಹೆದರಿದ್ದೆ. ಅವರು ಸೊಸೆಯ ಕೈ ಹಿಡಿದು, "ಕುಬಸ ಸುಳ್ಳಾದ್ರ ಆಗ್ಲೇಳು, ನನ್ನ ಸೊಸಿ ಉಳೀಬೇಕು. ನಡೀರಿ ಹೈದರಾಬಾದಿಗೆ" ಎಂದುಬಿಟ್ಟರು.

ಅಲ್ಲಿ ಗಡ್ಡೆಯ ಜೊತೆ ಒಂದು ಅಂಡಾಶಯ ತೆಗೆದರು. ಈ ಜಾತಿಯದು ಎಷ್ಟು ಬೇಗ ಬೆಳೆಯುತ್ತದೋ ಕೀಮೋಗೆ ಅಷ್ಟೇ ಬೇಗ ಕರಗುತ್ತದೆ, ಗುಣವಾದವರೇ ಹೆಚ್ಚು ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಅರ್ಧ ನಂಬಿದೆ. ವಾಂತಿ, ಜ್ವರ, ಬಾಯಿ ತುಂಬ ಹುಣ್ಣು. ಕೂದಲು ಹೋದ ತಲೆ ಸವರಿಕೊಂಡು ಸುಜಾತಾ, "ಸಾಲಿ ಹುಡುಗ್ರ ಹೇನಿನ ಕಾಟ ಒಂದ್ ತಪ್ತು ನೋಡಕ್ಕಾ" ಎಂದಳು. ನಾನು ಅತ್ತುಬಿಟ್ಟೆ, ಅವಳು ನಕ್ಕಳು. ಕೀಮೋದ ಒಂದೊಂದು ಸುತ್ತಿಗೂ ರಕ್ತದಲ್ಲಿ ಆ ಹಾರ್ಮೋನು ಇಳಿಯುತ್ತ ಬಂತು. ಮರುವರ್ಷ ಅವಳು ಮತ್ತೆ ಶಾಲೆಗೆ ಹೋದಳು.

ಮಧ್ಯಾಹ್ನ ಫೋನು ಬಂತು. "ಅಕ್ಕಾ, ಐದು ವರ್ಷ ಆತು, ಎಲ್ಲಾ ಸ್ವಚ್ಛ ಐತಂತ. ಇನ್ಮ್ಯಾಲೆ ವರ್ಷಕ್ಕೊಮ್ಮಿ ಬಂದ್ರ ಸಾಕಂದ್ರು."

"ರಿಪೋರ್ಟ್ ಕಳಸು ಮೊದ್ಲ" ಎಂದೆ. ಎರಡೆರಡು ಸಲ ಓದಿದೆ. ಆಮೇಲೆ ಪೇಡೆ ತಂದು ಓಣಿಗೆಲ್ಲ ಹಂಚಿದೆ.

ಪಕ್ಕದ ಮನೆಯ ಆಪಾ ಪೇಡೆ ಬಾಯಿಗಿಡುತ್ತ ಕೇಳಿದರು: "ಯಾರ್ದ್ರೀ ಹೆರಿಗಿ? ಗಂಡೋ, ಹೆಣ್ಣೋ?"

"ಹೆರಿಗಿ ಅಲ್ರೀ ಆಪಾ" ಎಂದೆ. "ನಮ್ಮ ತಂಗಿ ಉಳದಾಳ."