ಅತ್ತೆಯ ಬಲಗೈಗೆ ಕೆಲಸ

ನಮ್ಮತ್ತೆಗೆ ಲಕ್ವ ಹೊಡೆದಾಗ ಮೊಳಕಾಲ್ಮೂರಿನ ನಮ್ಮ ಬೀದಿಯ ಹೆಂಗಸರೆಲ್ಲ ಪಾಳಿ ಹಾಕಿಕೊಂಡು ಅವರಿಗೆ ತುತ್ತು ಮಾಡಿ ಉಣಿಸಿದರು. ಆ ಪ್ರೀತಿಗೆ ನಾನು ಕೈ ಮುಗಿಯಬೇಕಿತ್ತು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಕಾರಣವಿತ್ತು. ಚಳ್ಳಕೆರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಮೆದುಳಿನೊಳಗೆ ಕೂದಲೆಳೆಯಂಥ ಒಂದು ರಕ್ತನಾಳ ಕಟ್ಟಿಕೊಂಡಿದೆ ಎಂದಿದ್ದರು. ತಲೆಸುತ್ತು ನಿಂತಿತಲ್ಲ ಎಂದು ಅತ್ತೆ ಬಿಪಿ ಮಾತ್ರೆಯನ್ನು ತಾವೇ ಬಿಟ್ಟಿದ್ದರು. ಜೀವಕ್ಕೆ ಅಪಾಯವಿರಲಿಲ್ಲ, ಮಾತೂ ಸರಿಯಾಗಿತ್ತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಈ ಬೆರಳು ಮತ್ತೆ ಹಾಸು ಕೂಡಿಸ್ತಾವೇನ್ರಿ?"

ಡಾಕ್ಟರು ಭರವಸೆ ಕೊಡಲಿಲ್ಲ. ಮೆದುಳಿನಲ್ಲಿ ಸತ್ತ ಜಾಗ ಮತ್ತೆ ಬರುವುದಿಲ್ಲ, ಅದರ ಕೆಲಸವನ್ನು ಪಕ್ಕದ ಜಾಗ ಕಲಿಯಬೇಕು, ಕಲಿಯಬೇಕಾದರೆ ಆ ಕೈಗೇ ಕೆಲಸ ಕೊಡಬೇಕು ಎಂದರು.

ಮಗ್ಗದಲ್ಲಿ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು, ಮುಗಿಯುತ್ತ ಬಂದಾಗ ಅದರ ಒಂದೊಂದು ರೇಷ್ಮೆ ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೂದಿ ಮುಟ್ಟಿದ ಬೆರಳಿಂದ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಗಂಟು ಹಾಕುವ ಹಾಗಿಲ್ಲ. ಗಂಟು ಹಣಿಗೆಯ ಹಲ್ಲಿಗೆ ಸಿಕ್ಕಿ ಎಳೆ ಹರಿಯುತ್ತದೆ. ಅತ್ತೆ ಆ ಕೆಲಸವನ್ನು ಯಾರಿಗೂ ಬಿಟ್ಟವರಲ್ಲ. ನಾನು ನನ್ನಿವಾಳದ ಶೇಂಗಾ ಹೊಲದಿಂದ ಬಂದವಳು, ನನಗೆ ಲಾಳಿಯ ಕಂಡಿಕೆಗೆ ನೂಲು ಸುತ್ತುವುದೇ ಹೆಚ್ಚು ಎಂದು ಅವರ ತೀರ್ಮಾನ.

ಹಿಸುಕಲಿ ಎಂದು ರಬ್ಬರ್ ಚೆಂಡು ತಂದುಕೊಟ್ಟೆ. "ನಾನೇನು ಕೂಸೇನೇ?" ಎಂದು ಎಡಗೈಯಲ್ಲಿ ಅಂಗಳಕ್ಕೆ ಎಸೆದರು. "ಬಲಗೈಲಿ ನೀವೇ ಉಣ್ರಿ ಅತ್ತೆಮ್ಮ" ಎಂದು ತಟ್ಟೆ ಇಟ್ಟರೆ, ಪಕ್ಕದ ಮನೆಯಾಕೆ "ಕಲ್ಲು ಮನ್ಸು ಕಣೇ ನಿಂದು" ಎಂದು ನನ್ನನ್ನು ಸರಿಸಿ ಮುದ್ದೆ ಮುರಿದು ಅವರ ಬಾಯಿಗಿಟ್ಟಳು. ಅತ್ತೆ ನನ್ನನ್ನೇ ನೋಡುತ್ತ ನುಂಗಿದರು. ಬೀದಿಗೆಲ್ಲ ನಾನು ಹೆಮ್ಮಾರಿ ಸೊಸೆ. ಒಳಗೆ ಮಾತ್ರ ಹೆದರಿಕೆ, ಹೀಗೇ ಉಣಿಸುತ್ತ ಹೋದರೆ ಆ ಕೈ ಕೆಲಸವನ್ನೇ ಮರೆಯುತ್ತದೆ ಎಂದು.

ಅಷ್ಟರಲ್ಲಿ ನಮ್ಮ ಮಗ್ಗದ ಹಾಸು ಮುಗಿಯಿತು. ಬೀದಿಯಲ್ಲಿ ಕೂಡಿಸಿಕೊಡುವವರಿಗೆ ಬಿಡುವಿರಲಿಲ್ಲ. ನಮ್ಮ ಯಜಮಾನರು ತಲೆ ಕೆರೆದುಕೊಂಡರು. ನಾನೇ ಬೂದಿ ಬಟ್ಟಲು ಹಿಡಿದು ಕೂತೆ. ಅತ್ತೆಯನ್ನು ಪಕ್ಕದಲ್ಲೇ ಚಾಪೆಯ ಮೇಲೆ ಕೂರಿಸಿದ್ದೆ. ನಾನು ಹೊಸೆದ ಎಳೆ ಎಳೆದರೆ ಸಾಕು, ಬಿಟ್ಟುಕೊಳ್ಳುತ್ತಿತ್ತು. ಹತ್ತಿಪ್ಪತ್ತು ಹಾಗಾದ ಮೇಲೆ ಕದ್ದು ಸಣ್ಣ ಸಣ್ಣ ಗಂಟು ಹಾಕತೊಡಗಿದೆ. ಇಷ್ಟು ಸಣ್ಣದು, ಯಾರಿಗೆ ಕಾಣುತ್ತದೆ?

ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ.

"ವದ್ದೇ! ತೀಯ್!" ಬೇಡ, ತೆಗಿ ಎಂದು ಕಿರುಚಿದರು. "ಆಡು ಕಟ್ಟೋ ಹಗ್ಗ ಅಂದ್ಕಂಡಿದೀಯೇನೇ? ಸರಿ ಆ ಕಡೆ!"

ಅವರ ಕೈ ಬೂದಿಗೆ ಹೋಯಿತು. ಬಲಗೈ. ಹೋದದ್ದು ಅವರಿಗೇ ಗೊತ್ತಾಗಲಿಲ್ಲ. ಹೆಬ್ಬೆರಳು ತೋರುಬೆರಳ ಮೇಲೆ ಕೂರದೆ ಜಾರಿತು. ಮತ್ತೆ ಜಾರಿತು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು, ನನ್ನನ್ನೂ ನನ್ನ ತವರನ್ನೂ ಬೈಯುತ್ತ ಮತ್ತೆ ಹೊಸೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಎಳೆ ಕೂಡಿತು. ಎಳೆದು ನೋಡಿದೆ, ಬಿಡಲಿಲ್ಲ.

ಪಕ್ಕದ ಮನೆಯಾಕೆ ತಟ್ಟೆ ತಂದು "ಬಾಯಿ ತೆಗೀರಿ ಅಕ್ಕಾ" ಎಂದಳು.

"ಆಮ್ಯಾಲೆ ಬಾರೇ, ಕೆಲ್ಸ ಐತೆ" ಎಂದರು ಅತ್ತೆ, ತಲೆಯೆತ್ತದೆ.

ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಅತ್ತೆಗೆ ಗೊತ್ತಾದರೆ ಕೆಲಸ ಬಿಟ್ಟಾರೆಂದು ಮುಖ ಗಂಟಿಕ್ಕಿಕೊಂಡೇ ಕೂತೆ.

ಮರುದಿನ ಮೂರು ಎಳೆ ಕೂಡಿದವು. ಒಂದು ದಿನ ಒಂದೂ ಕೂಡಲಿಲ್ಲ. ಆಮೇಲೆ ಹತ್ತು, ಮೂವತ್ತು. ಉಳಿದದ್ದನ್ನು ನನ್ನ ಕೈಯಲ್ಲೇ ಹೊಸೆಸಿದರು, ಕಲಿಸಿ ಕಲಿಸಿ. ಎಲ್ಲ ಮುಗಿದ ದಿನ ಅತ್ತೆ ಎಳೆಗಳನ್ನು ಸವರುತ್ತ ಹೋಗಿ, ನಾನು ಕದ್ದು ಹಾಕಿದ್ದ ಗಂಟುಗಳನ್ನೆಲ್ಲ ಹುಡುಕಿ ಕತ್ತರಿಸಿದರು. ಬಲಗೈಯಿಂದಲೇ ಒಂದೊಂದನ್ನೂ ಹೊಸದಾಗಿ ಹೊಸೆದರು.

"ನಾನಿಲ್ದಿದ್ರೆ ಈ ಮಗ್ಗದ ಗತಿ ಏನಾಗ್ತಿತ್ತೇ?" ಎಂದು ಗದರಿದರು.

ಬೈಸಿಕೊಂಡು ಅಷ್ಟು ಸುಖಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ.