ಐದು ಯಾಲಕ್ಕಿಯ ಪಾನದಾನ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಹಳೆಯ ಡಬ್ಬಿ, ಪೆಟ್ಟಿಗೆ, ಭರಣಿ, ಇಷ್ಟೇ ಅಲ್ಲಿ ಸಿಗುವುದು. ಮುಚ್ಚಳದ ಒಳಗೆ ಕನ್ನಡಿ ಕೂರಿಸಿದ ಕುಂಕುಮದ ಪೆಟ್ಟಿಗೆ, ಕೀಲಿ ತಿರುವಿದರೆ ಗಂಟೆ ಬಾರಿಸುವ ತಿಜೋರಿ ಪೆಟ್ಟಿಗೆ ಇಂಥವು. ಮೊದಲು ಇವನ್ನೆಲ್ಲ ಗುಜರಿಯವರು ತೂಕಕ್ಕೆ ಕೊಳ್ಳುತ್ತಿದ್ದರು. ಈಗ ಹೊಸ ಮನೆ ಕಟ್ಟಿಸಿದವರು ಟಿವಿ ಪಕ್ಕದ ಶೋಕೇಸಿಗೆ ಬೇಕೆಂದು ಹುಡುಕಿಕೊಂಡು ಬರುತ್ತಾರೆ. ಬಂದವರೇ, "ಇದು ಆಂಟಿಕ್ ಐತೇನ್ರಿ?" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಹೂಂ ಅನ್ನುತ್ತೇನೆ. ಯಾರು ಏನು ಕೇಳಿದರೂ ಹೂಂ ಅಂದುಬಿಡುವುದು ಇಷ್ಟು ವರ್ಷದ ವ್ಯಾಪಾರದಲ್ಲಿ ನನಗೆ ಅಂಟಿಕೊಂಡ ಚಟ.

ಆ ಪಾನದಾನ, ಅಂದರೆ ಎಲೆ ಅಡಿಕೆಯ ಡಬ್ಬಿ, ಮೊದಲು ಕಣ್ಣಿಗೆ ಬಿದ್ದದ್ದು ತಿಕೋಟಾದ ಒಬ್ಬ ಮುದುಕಿಯ ಮನೆಯಲ್ಲಿ. ಬಿಜ್ಜರಗಿಗೆ ಯಾವುದೋ ಪೆಟ್ಟಿಗೆ ನೋಡಲು ಹೋಗಿ ಬರುವಾಗ ಗಾಡಿ ಪಂಕ್ಚರ್ ಆಗಿತ್ತು. ನೀರು ಕೇಳಲು ಒಂದು ಬಾಗಿಲು ಬಡಿದೆ. ಓಣಿಯವರೆಲ್ಲ ಚಾಚಿ ಎಂದು ಕರೆಯುವ ಆಕೆ ನೀರು ಕೊಟ್ಟು, ಹಿತ್ತಾಳೆಯ ಪಾನದಾನವನ್ನು ತೆರೆದು ಮುಂದಿಟ್ಟರು. ಮುಚ್ಚಳದ ಮೇಲೆ ಬಳ್ಳಿಯ ಕೆತ್ತನೆ, ಒಳಗೆ ಸುಣ್ಣ, ಕಾಚು, ಅಡಿಕೆ, ಯಾಲಕ್ಕಿಗೆ ಒಂದೊಂದು ಪುಟ್ಟ ಬಟ್ಟಲು. ಅವರ ಅತ್ತೆಯ ಕಾಲದ್ದಂತೆ. ಎಲೆ ಬಾಯಿಗಿಡುವ ಮೊದಲೇ, "ಕೊಡ್ತೀರೇನ್ರಿ ಇದನ್ನ?" ಎಂದು ಕೇಳಿಬಿಟ್ಟೆ.

"ನೀರ ಕುಡದ ಮನಿ ಡಬ್ಬಿ ಕೇಳ್ತೀಯಲ್ಲೋ, ನಾಚಿಕಿ ಬರೂದಿಲ್ಲೇನ್ ನಿನಗ?" ಎಂದು ಚಾಚಿ ನಕ್ಕರು.

ನಾಚಿಕೆಪಟ್ಟರೆ ನನ್ನ ಅಂಗಡಿ ನಡೆಯುವುದಿಲ್ಲ. ಆಮೇಲೆ ಬಬಲೇಶ್ವರದ ಕಡೆ ಕೆಲಸವಿದ್ದಾಗಲೂ ಸುತ್ತು ಹಾಕಿಕೊಂಡು ತಿಕೋಟಾಕ್ಕೆ ಹೋಗಿ ಬರುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ನಾನು ಕೇಳುವುದು, ಅವರು ಬೈಯುವುದು, ಎಲೆ ಅಡಿಕೆ ತಿಂದು ನಾನು ಎದ್ದು ಬರುವುದು.

ಹೋದ ವರ್ಷ ಅವರೇ ಫೋನ್ ಮಾಡಿಸಿದರು. ಬಾಯಲ್ಲಿ ಹುಣ್ಣಾಗಿ, ಸುಣ್ಣ ಅಡಿಕೆ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರಂತೆ. ಮಗ, ಸೊಸೆ ಯಾರೂ ಎಲೆ ತಿನ್ನುವವರಲ್ಲ. ಬಂದ ಮಂದಿಗೂ ಈಗ ಬೇಡ. ನಾನು ಹೋಗಿ ಕೂತ ಕೂಡಲೇ ಹೇಳಿದರು: "ಕಣ್ಣ ಮುಂದ ಮುಚ್ಚಿ ಕುಂತೈತಿ. ನೋಡಾಕ ಆಗವಲ್ದು. ಒಯ್ಯಪಾ ನೀನ. ಖರೆ ಒಂದ ಮಾತು. ಬಂದವ್ರ ಮುಂದ ತೆಗದು ಇಡೂ ಮನಿಗೇ ಕೊಡಬೇಕು. ಎಲಿ ಇರದಿದ್ರ ಯಾಲಕ್ಕಿನರ ಇಡ್ಲಿ. ಮುಚ್ಚಿ ಇಡೂ ಮನಿಗೆ ಕೊಡಬ್ಯಾಡ."

"ಹೂಂ ರೀ ಚಾಚಿ, ಅಂಥಾ ಮನಿಗೇ ಕೊಡ್ತೇನಿ," ಎಂದೆ.

ನಮ್ಮ ಕಡೆ ಇನ್ನೊಬ್ಬರ ಕೈಗೆ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ. ನೆರೆಮನೆಗೆ ಬಟ್ಟಲು ವಾಪಸು ಕೊಡುವಾಗಲೂ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಚಾಚಿ ಬಟ್ಟಲುಗಳನ್ನೆಲ್ಲ ತೊಳೆದು ಒರೆಸಿ, ಒಂದರಲ್ಲಿ ಐದು ಯಾಲಕ್ಕಿ ಹಾಕಿ ಮುಚ್ಚಿದರು. ಮುಚ್ಚಿದ ಮೇಲೆ ಮತ್ತೊಮ್ಮೆ ತೆರೆದು ನೋಡಿದರು. ಆಮೇಲೆ ನನ್ನ ಕೈಗಿಟ್ಟರು.

ಎರಡೇ ವಾರದಲ್ಲಿ ಅದು ಮಾರಾಟವಾಯಿತು. ಸೊಲ್ಲಾಪುರ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸಿದ ಒಬ್ಬ ಹೆಣ್ಣುಮಗಳು ಅದನ್ನು ನೋಡಿದ ತಕ್ಷಣ ಎತ್ತಿಕೊಂಡರು. ಬಂದವರಿಗೆ ಯಾಲಕ್ಕಿ ಕೊಡುವ ಮಾತನ್ನು ನಾನು ಎತ್ತಲಿಲ್ಲ. ಎತ್ತಿದರೆ ಗಿರಾಕಿ ಹೊರಟುಹೋದಾರೆಂಬ ಅಂಜಿಕೆ. ಮುಚ್ಚಳದ ಕೀಲು ಸವೆದು ಗಡಗಡ ಅನ್ನುತ್ತಿತ್ತು. "ಇದನ್ನ ಗಟ್ಟಿ ಮಾಡಿ ಕೊಡ್ರಿ ಅಣ್ಣಾರ, ಒಳಗ ಧೂಳು ಕುಂಡ್ರತೈತಿ. ನಾವೇನ್ ತೆಗಿಯೂದಿಲ್ಲ," ಎಂದರು. ಹೂಂ ಅಂದೆ. ಎರಡು ಟ್ಯೂಬಿನ ಅಂಟು ಕಲಸಿ ಮುಚ್ಚಳದ ಅಂಚಿಗೆಲ್ಲ ಹಚ್ಚಿ ಕೂರಿಸಿಬಿಟ್ಟೆ. ಹಚ್ಚುವ ಮುಂಚೆ ಯಾಲಕ್ಕಿ ತೆಗೆಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಕೂತಿದ್ದುಂಟು. ತುಂಬಿ ಕೊಟ್ಟ ಡಬ್ಬಿಯನ್ನು ಬರಿದು ಮಾಡಲು ಕೈ ಬರಲಿಲ್ಲ. ಹಾಗೇ ಬಿಟ್ಟೆ. ಸಂಪ್ರದಾಯ ಉಳಿಸಿದೆನೆಂಬ ಸಮಾಧಾನ ಬೇರೆ! ಎಂಥಾ ಶಾಣ್ಯಾ ನಾನು.

ಏಳೆಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚಾಚಿ ಅಂಗಡಿಯ ಮೆಟ್ಟಿಲೇರಿ ಬಂದರು. ಕಣ್ಣು ತೋರಿಸಲು ವಿಜಯಪುರಕ್ಕೆ ಬಂದವರು, ದವಾಖಾನೆಯಲ್ಲಿ ಕೊಟ್ಟ ಕರಿ ಕನ್ನಡಕ ಹಾಕಿಕೊಂಡೇ ಬಂದಿದ್ದರು.

"ಪಾನದಾನ ಇದ್ದ ಮನಿಗೆ ಕರ್ಕೊಂಡ ನಡಿ ತಮ್ಮಾ. ಒಂದ ಯಾಲಕ್ಕಿ ತಿಂದು ಬಸ್ ಹತ್ತತೇನಿ."

"ಅವ್ರು ಊರಾಗ ಇಲ್ರಿ," ಎಂದೆ.

"ಫೋನ್ ಹಚ್ಚಿ ಕೇಳು."

ಹಚ್ಚಿದೆ. ಎತ್ತದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮೊದಲ ರಿಂಗಿಗೇ ಎತ್ತಿದ ಆ ಹೆಣ್ಣುಮಗಳು, ಪಾನದಾನ ಕೊಟ್ಟ ಚಾಚಿ ಅದನ್ನು ನೋಡಲು ಬರುತ್ತಾರಂತೆ ಎಂದದ್ದೇ ತಡ, "ಅಯ್ಯ, ಅದಕ್ಕೇನ್ರಿ, ಕರ್ಕೊಂಡ ಬರ್ರಿ," ಎಂದರು.

ಮುಚ್ಚಳ ಅಂಟಿಸಿದ್ದನ್ನು ಆಟೋದಲ್ಲಿ ಹೇಳಿಬಿಡಬಹುದಿತ್ತು. ಸೊಲ್ಲಾಪುರ ರಸ್ತೆಯ ದಾರಿ ಹತ್ತಿರದ್ದೇನಲ್ಲ. ಹೇಳಲಿಲ್ಲ.

ಆ ಹೆಣ್ಣುಮಗಳು ಒಳ್ಳೆಯವರೇ. ಚಾಚಿಯನ್ನು ಸೋಫಾದ ಮೇಲೆ ಕೂರಿಸಿ, ಶೋಕೇಸಿನ ಗಾಜು ಸರಿಸಿ, ಪಾನದಾನವನ್ನು ತಂದು ತೊಡೆಯ ಮೇಲಿಟ್ಟು, ಚಹಾ ಮಾಡಲು ಒಳಗೆ ಹೋದರು. ಚಾಚಿ ಬಳ್ಳಿಯ ಕೆತ್ತನೆಯ ಮೇಲೆ ಕೈಯಾಡಿಸಿ ಮುಚ್ಚಳ ಎತ್ತಲು ನೋಡಿದರು. ಬರಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಎತ್ತಿದರು.

"ಕೈಯಾಗ ಜೀವಾನ ಇಲ್ದಂಗಾಗೇತಿ ನೋಡಪಾ," ಎಂದು ನನ್ನ ಕಡೆ ಚಾಚಿದರು. "ನೀ ತೆಗದು ಕೊಡು."

ನಾನು ತೆಗೆದುಕೊಂಡೆ. ಬರೆಯಲು ಕೂಡ ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ: ನಾನೇ ಅಂಟಿಸಿದ ಮುಚ್ಚಳವನ್ನು ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ ಎತ್ತಿದಂತೆ ಮಾಡಿದೆ. "ಭಾಳ ಬಿಗಿ ಐತ್ರಿ," ಎಂದೂ ಅಂದೆ.

ಚಹಾ ತಂದ ಹೆಣ್ಣುಮಗಳು ನಕ್ಕರು. "ಅಯ್ಯ, ಅದು ತೆಗಿಯಾಕ ಬರೂದಿಲ್ಲಲ್ರಿ ಅಣ್ಣಾರ. ನೀವ ಅಂಟಿಸಿ ಕೊಟ್ಟೀರಿ, ಮರತ್ರೇನು?"

ಚಾಚಿ ನನ್ನ ಕೈಯಿಂದ ಪಾನದಾನ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದರು. ಒಳಗೆ ಯಾಲಕ್ಕಿ ಸದ್ದು ಮಾಡಿತು. ನಾನು ಗಡಿಬಿಡಿಯಲ್ಲಿ, "ಅಂಗಡಿಗೆ ಒಯ್ದು ಬಿಚ್ಚಿ ತರ್ತೇನ್ರಿ ಅಕ್ಕಾರ," ಎಂದೆ.

"ಬ್ಯಾಡ್ರಿ, ಹಾಳಾಗತೈತಿ. ನಾವು ಹ್ಯಾಂಗೂ ತೆಗಿಯೂದಿಲ್ಲ."

ಚಾಚಿ ಚಹಾ ಪೂರ್ತಿ ಕುಡಿದರು. ಆ ಹೆಣ್ಣುಮಗಳ ತಲೆ ಮುಟ್ಟಿ, "ಮನಿ ಚಲೋ ಐತವ್ವಾ," ಎಂದು ಎದ್ದರು.

ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆವು. ತಿಕೋಟಾ ಬಸ್ಸು ನಿಂತಿತ್ತು. ಅವರನ್ನು ಹತ್ತಿಸಿ, ಎದುರಿನ ಕಿರಾಣಿ ಅಂಗಡಿಗೆ ಓಡಿಹೋಗಿ ಯಾಲಕ್ಕಿಯ ಪೊಟ್ಟಣ ತಂದು ಕಿಟಕಿಯಲ್ಲಿ ಚಾಚಿದೆ. "ತಪ್ಪಾತ್ರಿ ಚಾಚಿ. ಒಂದರ ಬಾಯಿಗೆ ಹಾಕ್ಕೋರಿ. ತಿನ್ನಬೇಕಂತ ಅಷ್ಟು ದೂರ ಬಂದಿದ್ರಿ."

ಚಾಚಿ ಕರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಯಾಲಕ್ಕಿ ನಮ್ಮ ಮನ್ಯಾಗ ಇಲ್ಲೇನಪಾ?" ಎಂದರು. "ಆಕಿ ಡಬ್ಬಿ ತೆಗದು ಕೊಡೂದು ನೋಡಬೇಕಾಗಿತ್ತು."

ಕಂಡಕ್ಟರ್ ಸೀಟಿ ಊದಿದ. ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು.